ಕಲೆಯ ಕಥೆ ಕೇಳಬಾರದು

ಆ ಲಾಂಡ್ರಿಯಲ್ಲಿ ಒಂದು ಕಟ್ಟಳೆ ಇತ್ತು. ಬಟ್ಟೆ ತಂದವರನ್ನು ಯಾವತ್ತಿಗೆ ಬೇಕು, ಗಂಜಿ ಹಾಕಬೇಕೋ ಬೇಡವೋ, ಬಿದ್ದ ಗುಂಡಿ ಹೊಲಿಯಬೇಕೋ ಎಂದೆಲ್ಲ ಕೇಳಬಹುದು. ಕಲೆ ಹೇಗಾಯಿತು ಎಂದು ಮಾತ್ರ ಕೇಳಬಾರದು. ಅಂಗಡಿ ಇಟ್ಟ ಹಿರಿಯರು ಹಾಕಿಕೊಟ್ಟು ಹೋದ ಪದ್ಧತಿ ಅದು. "ಕಲೆ ತೆಗೆಯೋದು ನಮ್ಮ ಕೆಲಸ, ಅದರ ಕಥೆ ಕೇಳೋದಲ್ಲ" ಎನ್ನುತ್ತಿದ್ದರಂತೆ. ಬೀದಿಯ ಆ ತುದಿಯಲ್ಲಿ ಗಾಜಿನ ಬಾಗಿಲಿನ ದೊಡ್ಡ ಲಾಂಡ್ರಿ ಬಂದು ಬಹಳ ಕಾಲವಾಗಿತ್ತು. ಆದರೂ ಕೋಟಿನ ಹೆಗಲಿಗೆ ತುಟಿಬಣ್ಣ ಅಂಟಿಸಿಕೊಂಡ ಬ್ಯಾಂಕಿನ ಮ್ಯಾನೇಜರು, ಬೆಳೆದ ಮಗ ಹಾಸಿಗೆ ಒದ್ದೆ ಮಾಡುವುದನ್ನು ಯಾರಿಗೂ ಹೇಳಲಾರದ ಮೇಷ್ಟ್ರು, ಬೀದಿಯಲ್ಲಿ ಮರ್ಯಾದೆ ಇಟ್ಟುಕೊಂಡ ಎಲ್ಲರೂ ಬರುತ್ತಿದ್ದದ್ದು ಈ ಇಕ್ಕಟ್ಟಿನ ಅಂಗಡಿಗೇ. ಇಲ್ಲಿ ಕೊಟ್ಟ ಬಟ್ಟೆ ಬೆಳ್ಳಗಾಗಿ ಬರುತ್ತಿತ್ತು, ಮಾತು ಹೊರಗೆ ಹೋಗುತ್ತಿರಲಿಲ್ಲ.

ಕೆಳಗೆ ಅಂಗಡಿ, ಮೇಲೆ ಮನೆ. ಮನೆಯಲ್ಲಿ ನಾಲ್ಕು ಜನ. ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ ದಿಂಬು ಹಾಕಿಕೊಂಡು, ಒಂದು ಮಗ್ಗುಲಿಗೆ ವಾಲಿ ಕೂತು ಬಟ್ಟೆ ವಿಂಗಡಿಸುವವಳು ಅಜ್ಜಿ. ಬೀದಿಯವರ ಬಾಯಲ್ಲಿ ಸೋಪಜ್ಜಿ. ಇಸ್ತ್ರಿ ಮೇಜಿನ ಹಿಂದೆ ನಿಂತಿರುವವನು ಅವಳ ಒಬ್ಬನೇ ಮಗ, ಇಸ್ತ್ರಿಯಣ್ಣ. ಅಂಗಡಿಯ ಹಿಂಬದಿಯ ಯಂತ್ರಗಳು, ಹಬೆ, ಹೋಟೆಲಿನ ಬೆಡ್‌ಶೀಟುಗಳ ರಾಶಿ, ಮೇಲಿನ ಅಡುಗೆಮನೆ ಎಲ್ಲ ಸೊಸೆಯ ಪಾಲು. ಐವತ್ತು ದಾಟಿದವಳನ್ನು ಇನ್ನೂ ಸೊಸೆ ಅನ್ನುವುದೇ ಎಂದು ಕೇಳಬೇಡಿ, ಅತ್ತೆ ಇರುವ ತನಕ ಸೊಸೆ ಸೊಸೆಯೇ. ಸ್ಕೂಟರಿನಲ್ಲಿ ಮನೆಮನೆಗೆ ಬಟ್ಟೆ ತಲುಪಿಸುವವಳು ಮಗಳು ಗುಬ್ಬಿ. ಹುಟ್ಟಿದಾಗ ಅಂಗೈಯಗಲ ಇದ್ದಳೆಂದು ಇಟ್ಟ ಹೆಸರು. ಈಗ ಅಂಗಡಿಯ ಷಟರು ಪೂರ್ತಿ ಎತ್ತಿದ್ದರೂ ತಲೆ ತಗ್ಗಿಸಿ ಒಳಗೆ ಬರಬೇಕು.

ಇನ್ನು ವಿಷಯಕ್ಕೆ ಬರುತ್ತೇನೆ. ಇಂಥದ್ದನ್ನು ಸುತ್ತಿ ಬಳಸಿ ಹೇಳಿದರೆ ನಿಮಗೂ ಅರ್ಥವಾಗುವುದಿಲ್ಲ, ನನಗೂ ಸಮಾಧಾನವಿಲ್ಲ. ಆದ್ದರಿಂದ ನೇರವಾಗಿಯೇ ಹೇಳುತ್ತೇನೆ.

ಸೊಸೆಗೆ ಮುಟ್ಟು ನಿಂತು ಎರಡು ವರ್ಷದ ಮೇಲಾಗಿತ್ತು. ನಿಂತಾಗ ಪೀಡೆ ತೊಲಗಿತು ಎಂದುಕೊಂಡಿದ್ದಳು. ಮೈ ಬಿಸಿಯಾಗುವುದು, ಬೆವರುವುದು ಎಲ್ಲ ಇತ್ತು. ಹಬೆಯ ನಡುವೆ ದುಡಿಯುವವಳಿಗೆ ಅದು ಬೇರೆಯಾಗಿ ಗೊತ್ತಾಗಲಿಲ್ಲ. ಆಮೇಲೆ ಶುರುವಾದದ್ದು ಬೇರೆ. ಕೆಳಗೆ ಒಣಗಿದ ಹಾಗೆ, ಉಜ್ಜಿದ ಹಾಗೆ ಉರಿ. ಮೂತ್ರಕ್ಕೆ ಹೋಗಿ ಬಂದ ಕೂಡಲೇ ಮತ್ತೆ ಹೋಗಬೇಕು ಅನಿಸುವುದು. ಕಕ್ಕಸು ಇದ್ದದ್ದು ಮೇಲೆ, ಮೆಟ್ಟಿಲು ಹತ್ತಿ ಹೋಗಬೇಕು. ಯಂತ್ರ ತಿರುಗುತ್ತಿರುವಾಗ ಎಷ್ಟು ಸಲ ಹತ್ತಿಳಿಯುವುದು ಎಂದು ನೀರು ಕುಡಿಯುವುದನ್ನೇ ಬಿಟ್ಟಳು. ನೀರು ಬಿಟ್ಟ ಮೇಲೆ ಉರಿ ಇನ್ನೂ ಜಾಸ್ತಿಯಾಯಿತು. ಔಷಧದ ಅಂಗಡಿಗೆ ಹೋಗಿ, ನಮ್ಮತ್ತೆಗೆ ಉರಿಮೂತ್ರ ಎಂದು ಸುಳ್ಳು ಹೇಳಿ ಮಾತ್ರೆ ತಂದಳು. ಅತ್ತೆಯ ಹೆಸರಿನಲ್ಲಿ ನುಂಗಿದ್ದಕ್ಕೋ ಏನೋ, ಅದು ಸೊಸೆಗೆ ಹತ್ತಲಿಲ್ಲ.

ಗಂಡ ಹತ್ತಿರ ಬಂದರೆ ನೋವು. ಮೊದಲು ಹಲ್ಲು ಕಚ್ಚಿ ಸಹಿಸಿದಳು. ಆಮೇಲೆ ತಲೆನೋವು ಅಂದಳು, ಸೊಂಟ ಹಿಡಿದಿದೆ ಅಂದಳು. ಕೊನೆಗೆ ಅತ್ತೆಗೆ ಕೆಮ್ಮು, ಪಕ್ಕದಲ್ಲಿ ಒಬ್ಬರು ಇರಬೇಕು ಎಂದು ಹಾಸಿಗೆ ಸುತ್ತಿಕೊಂಡು ಅಜ್ಜಿಯ ಕೋಣೆಗೆ ಹೋದಳು. ಅಜ್ಜಿಯ ಕೆಮ್ಮು ಬೇಗನೆ ವಾಸಿಯಾಯಿತು. ಹಾಸಿಗೆ ವಾಪಸು ಬರಲಿಲ್ಲ.

ಇಸ್ತ್ರಿಯಣ್ಣ ಕೆಟ್ಟವನಲ್ಲ. ಗಿರಾಕಿಯ ಜೊತೆ ಗಂಟೆಗಟ್ಟಲೆ ಹರಟುತ್ತಿದ್ದ, ಹೆಂಡತಿಯ ಜೊತೆ ಮಾತಾಡಬೇಕಾದಾಗ ಮಾತ್ರ ನಾಲಿಗೆ ಬಿದ್ದುಹೋಗುತ್ತಿತ್ತು. ತಾನು ಅವಳಿಗೆ ಬೇಡವಾದೆ ಎಂಬುದು ಅವನ ತಲೆಯಲ್ಲಿ ಕೂತುಬಿಟ್ಟಿತು. ಅದನ್ನು ಹೇಳಲು ಬಾರದೆ ಬೇಳೆ ಸಪ್ಪೆ ಅಂದ, ಚಹಾ ತಣ್ಣಗಿದೆ ಅಂದ, ಇಸ್ತ್ರಿ ಪೆಟ್ಟಿಗೆಯನ್ನು ಮೇಜಿನ ಮೇಲೆ ಕುಕ್ಕತೊಡಗಿದ. ಅಪ್ಪನ ಸಿಟ್ಟು ಏರಿದ್ದು ಇಳಿದದ್ದು ಗುಬ್ಬಿಗೆ ಮೆಟ್ಟಿಲ ಮೇಲಿಂದಲೇ ಕೇಳಿಸುತ್ತಿತ್ತು.

ಮಳೆಗಾಲ ಮುಗಿಯುವ ಹೊತ್ತಿಗೆ ಸೊಸೆಯ ಒಳಲಂಗದಲ್ಲಿ ರಕ್ತ ಕಂಡಿತು. ಬೆರಳ ತುದಿಯಷ್ಟು. ಮುಟ್ಟು ಮತ್ತೆ ಬಂತೇನೋ ಎಂದು ಕಾದಳು, ಬರಲಿಲ್ಲ. ಕೆಲವು ವಾರ ಕಳೆದು ಇನ್ನೊಂದು ಸಲ ಕಂಡಾಗ ಭಯವಾಯಿತು. ಡಾಕ್ಟರಿಗೆ ತೋರಿಸಬೇಕಾದೀತು ಎಂದು ಆ ಲಂಗವನ್ನು ಒಗೆಯದೆ, ಸುತ್ತಿ, ಕಪಾಟಿನ ಕೆಳಗೆ ತುರುಕಿಟ್ಟಳು. ಮಾರನೆಯ ದಿನ ನೋಡಿದರೆ ಅದು ಅಲ್ಲಿರಲಿಲ್ಲ. ಅವಳ ಬಟ್ಟೆಗಳ ಮೇಲೆ ಮಡಿಕೆ ತಪ್ಪದಂತೆ ಮಡಿಸಿ ಇಟ್ಟಿತ್ತು. ಬೆಳಕಿಗೆ ಹಿಡಿದು ನೋಡಿದಳು, ಕಲೆಯ ಗುರುತೂ ಇರಲಿಲ್ಲ.

ರಕ್ತಕ್ಕೆ ತಣ್ಣೀರು ಮತ್ತು ಉಪ್ಪು. ಬಿಸಿನೀರು ಬಿದ್ದರೆ ಕಲೆ ಕೂತುಬಿಡುತ್ತದೆ. ಅಷ್ಟು ಸ್ವಚ್ಛವಾಗಿ ತೆಗೆಯುವವರು ಆ ಮನೆಯಲ್ಲಿ ಒಬ್ಬರೇ. ಸೊಸೆ ಕೆಳಗಿಳಿದು ಬಂದಾಗ ಅಜ್ಜಿ ಕಿಟಕಿಯ ಪಕ್ಕ ಕೂತು ಯಾರದೋ ಅಂಗಿಯ ಕಾಲರು ತಿರುವಿ ನೋಡುತ್ತಿದ್ದಳು. ಕಣ್ಣೆತ್ತಲಿಲ್ಲ. ಸೊಸೆಯೂ ಕೇಳಲಿಲ್ಲ. ಅತ್ತೆ ನೋಡಿದ್ದಾರೆ, ನೋಡಿಯೂ ಏನೂ ಅನ್ನಲಿಲ್ಲ, ಅಂದರೆ ಅನ್ನುವಂಥದ್ದು ಏನೂ ಇಲ್ಲ ಎಂದು ತಿಳಿದುಕೊಂಡಳು. ಕಲೆ ಹೋದ ಕೂಡಲೇ ಭಯವೂ ಅರ್ಧ ಹೋಯಿತು. ಬಟ್ಟೆ ಚೊಕ್ಕಟವಾದರೆ ಮೈಯೂ ಸರಿಹೋಯಿತು ಎಂದುಕೊಳ್ಳುವ ಬುದ್ಧಿ ಲಾಂಡ್ರಿಯವರಿಗಲ್ಲದೆ ಇನ್ನಾರಿಗೆ ಬಂದೀತು!

ಅದು ಹೊರಗೆ ಬಿದ್ದದ್ದು ಊಟದ ಹೊತ್ತಿನಲ್ಲಿ. ಗುಬ್ಬಿ ಮೊಟ್ಟೆಯ ಸಿಪ್ಪೆ ಬಿಡಿಸುತ್ತಿದ್ದಳು, ಅಜ್ಜಿ ಅನ್ನ ಕಲಸುತ್ತಿದ್ದಳು. ಇಸ್ತ್ರಿಯಣ್ಣ ತಟ್ಟೆ ನೋಡಿಕೊಂಡೇ ಶುರುಮಾಡಿದ.

"ಅಮ್ಮಂಗೆ ಕೆಮ್ಮು ಹೋಗಿ ಎಷ್ಟು ದಿನ ಆಯ್ತು?"

"ಹೋಗಿದ್ದು ಮತ್ತೆ ಬರಲ್ವಾ?" ಎಂದಳು ಹೆಂಡತಿ.

"ಬಂದಾಗ ಹೋಗಿ ಮಲಗು. ಈಗ ಯಾಕೆ?"

ಅವಳು ಅವನ ತಟ್ಟೆಗೆ ಬೇಳೆ ಹಾಕಿದಳು.

"ನಾನೇನು ಈ ಮನೇಲಿ ಬಾಡಿಗೆಗೆ ಇದೀನಾ? ಮೂರು ಹೊತ್ತು ಊಟ ಹಾಕಿ ಬಾಗಿಲು ಹಾಕ್ಕೊಳ್ಳೋಕೆ?"

"ಮಗಳು ಕೂತಿದ್ದಾಳೆ. ನೋಡ್ಕೊಂಡು ಮಾತಾಡಿ."

"ಅವಳಿಗೆ ಗೊತ್ತಿಲ್ವಾ? ಬೀದಿಗೆಲ್ಲ ಗೊತ್ತಾಗೋ ಹಾಗೆ ಮುಖ ತಿರುಗಿಸ್ಕೊಂಡು ಓಡಾಡ್ತೀಯ."

ಸೊಸೆ ಸೌಟು ಕೆಳಗಿಟ್ಟಳು. ಅವಳ ದನಿ ಏರಲಿಲ್ಲ, ಅದರಿಂದಲೇ ಹೆಚ್ಚು ಭಯವಾಯಿತು ಎಂದು ಗುಬ್ಬಿ ಆಮೇಲೆ ಹೇಳುತ್ತಿದ್ದಳು.

"ನೋವಾಗುತ್ತೆ ರೀ. ನೀವು ಹತ್ತಿರ ಬಂದ್ರೆ ನೋವಾಗುತ್ತೆ. ಬರದೇ ಇದ್ರೂ ಉರಿಯುತ್ತೆ. ಎರಡು ಸಲ ರಕ್ತಾನೂ ಬಂದಿದೆ. ಸಾಕಾ, ಇನ್ನೂ ಏನಾದ್ರೂ ಹೇಳಬೇಕಾ?"

ಅವನ ಕೈಯಲ್ಲಿದ್ದ ತುತ್ತು ತಟ್ಟೆಗೇ ವಾಪಸು ಹೋಯಿತು. ಹೆಂಗಸರಿಗೆ ಅದೆಲ್ಲ ಇದ್ದದ್ದೇ ಅಲ್ಲವಾ ಎಂದು ಗೊಣಗಿದ. ಗುಬ್ಬಿ ಕೈಲಿದ್ದ ಮೊಟ್ಟೆಯನ್ನು ತಟ್ಟೆಗೆ ಹಾಕಿದಳು.

"ಇದ್ದದ್ದೇ ಅಲ್ಲ ಅಪ್ಪ. ನಿಂತು ವರ್ಷ ಆದಮೇಲೆ ರಕ್ತ ಕಂಡ್ರೆ ತೋರಿಸ್ಲೇಬೇಕು. ಒಂದು ಹನಿ ಆದ್ರೂ."

ನಿನಗೆ ಯಾರು ಹೇಳಿದರು ಎಂದು ಅವನು ಕೇಳಿದ. ನರ್ಸುಗಳ ಹಾಸ್ಟೆಲಿಗೆ ವಾರಕ್ಕೊಮ್ಮೆ ಬಟ್ಟೆ ತಲುಪಿಸುತ್ತೇನೆ, ಅವರೇನು ಬರಿಯ ಹವಾಮಾನ ಮಾತಾಡುತ್ತಾರಾ ಎಂದಳು ಗುಬ್ಬಿ. ನಾಳೆಯೇ ಹೋಗೋಣ ಎಂದು ಹಟ ಹಿಡಿದಳು. ಹೋಟೆಲಿನ ಬಟ್ಟೆಯ ಗದ್ದಲ ಮುಗಿಯಲಿ, ಎರಡೇ ಸಲ ಅಲ್ಲವಾ, ಅದೂ ಇಷ್ಟೇ ಇಷ್ಟು ಎಂದು ಸೊಸೆ ಬೆರಳ ತುದಿ ತೋರಿಸಿದಳು. ಅಜ್ಜಿ ಅನ್ನ ಪೂರ್ತಿ ಉಣ್ಣದೆ ಎದ್ದು, ಗೋಡೆ ಹಿಡಿದುಕೊಂಡು ಕೋಣೆಗೆ ಹೋದಳು.

ಆ ವಾರ ಇಸ್ತ್ರಿ ಪೆಟ್ಟಿಗೆ ಸದ್ದಿಲ್ಲದೆ ಓಡಾಡಿತು. ಊಟಕ್ಕೆ ಕೂತರೆ ಉಪ್ಪಿನ ಮಾತಿಲ್ಲ, ಚಹಾದ ಮಾತಿಲ್ಲ. ಗುಬ್ಬಿ ದಿನವೂ ಕೇಳುತ್ತಿದ್ದಳು, ತಾಯಿ ದಿನವೂ ನಾಳೆ ಅನ್ನುತ್ತಿದ್ದಳು. ಇಸ್ತ್ರಿಯಣ್ಣ ಇಬ್ಬರ ಮುಖವನ್ನೂ ನೋಡುತ್ತಿದ್ದ, ಬಾಯಿ ತೆರೆಯುತ್ತಿದ್ದ, ಮುಚ್ಚುತ್ತಿದ್ದ.

ಹೋಟೆಲಿನ ಬಿಳಿ ಟವೆಲುಗಳು ಗುಲಾಬಿ ಬಣ್ಣಕ್ಕೆ ತಿರುಗಿದ್ದು ಆ ವಾರದ ಕೊನೆಗೆ. ಯಂತ್ರದ ಬಾಗಿಲು ತೆಗೆದ ಸೊಸೆ ಹಾಗೇ ನಿಂತಳು. ಟವೆಲುಗಳ ನಡುವೆ ಯಾರದೋ ಕೆಂಪು ಅಂಗಿ. ಬಿಳಿಯ ಬುಟ್ಟಿಗೆ ಬಣ್ಣದ ಬಟ್ಟೆ ಹಾಕುವುದೆಂದರೆ ಏನು! ಬರಿಯ ವಾಸನೆಯಿಂದ ತುಕ್ಕಿನ ಕಲೆ ಯಾವುದು, ರಕ್ತದ ಕಲೆ ಯಾವುದು ಹೇಳುವ ಸೋಪಜ್ಜಿ ವಿಂಗಡಣೆ ತಪ್ಪಿದ್ದಳು. ಇಸ್ತ್ರಿಯಣ್ಣ ಬಂದು ನೋಡಿ, ಬಿಡು ಅಮ್ಮ, ಬ್ಲೀಚು ಹಾಕಿ ನೆನೆಸಿದರೆ ಹೋಗುತ್ತದೆ ಎಂದ. ಅಜ್ಜಿ ಅವನ ಕಡೆ ನೋಡಲಿಲ್ಲ. ಸೊಸೆಯ ಕಡೆ ನೋಡಿದಳು.

"ಎರಡು ಸಲ ಅಲ್ಲ ಕಣೇ," ಎಂದಳು.

"ಏನು ಅತ್ತೆ?"

"ರಕ್ತ. ಎರಡು ಸಲ ಅಲ್ಲ. ಮಳೆ ಶುರುವಾಗೋಕೆ ಮುಂಚೆಯಿಂದ ಬರ್ತಾನೇ ಇದೆ. ಚುಕ್ಕೆ ಚುಕ್ಕೆ. ನಿಂಗೆ ಕನ್ನಡಕ ಇಲ್ದೆ ಕಾಣ್ತಿರಲಿಲ್ಲ. ನಾನು ತೆಗೀತಾ ಇದ್ದೆ."

ಸೊಸೆಯ ಕೈಯಲ್ಲಿದ್ದ ಗುಲಾಬಿ ಟವೆಲಿನಿಂದ ನೀರು ಅವಳ ಕಾಲ ಮೇಲೆ ಸುರಿಯುತ್ತಿತ್ತು.

"ನೋಡಿದ್ರಿ," ಎಂದಳು. "ಒಗೆದ್ರಿ, ಒಣಗಿಸಿದ್ರಿ, ಮಡಿಸಿ ಇಟ್ರಿ. ಒಂದೇ ಮನೇಲಿ, ಒಂದೇ ಕೋಣೇಲಿ ಮಲಗ್ತೀವಿ. ನಂಗೊಂದು ಮಾತು ಹೇಳ್ಬೇಕು ಅನ್ನಿಸ್ಲಿಲ್ವಾ?"

"ನೀನು ಮುಚ್ಚಿಟ್ಟಿದ್ದೆ. ನಂಗೆ ಗೊತ್ತಾಯ್ತು ಅಂದ್ರೆ ನಿಂಗೆ ನಾಚಿಕೆ ಆಗುತ್ತೆ ಅಂತ."

"ನಾಚಿಕೆಯಾದ್ರೆ ಸಾಯ್ತಿರಲಿಲ್ಲ ಅತ್ತೆ. ಇದು ಇನ್ನೇನಾದ್ರೂ ಆಗಿದ್ರೆ?"

"ಕಲೆ ಕಂಡ್ರೆ ತೆಗೀಬೇಕು ಅನ್ನೋದು ಬಿಟ್ಟು ನಂಗೆ ಬೇರೆ ಏನು ಗೊತ್ತು ಹೇಳು?" ಎಂದಳು ಅಜ್ಜಿ. ಸೆರಗಿನಿಂದ ಕಣ್ಣೊತ್ತಿಕೊಂಡಳು. ಅಷ್ಟು ವರ್ಷದಲ್ಲಿ ಅತ್ತೆ ಅಳುವುದನ್ನು ಸೊಸೆ ನೋಡಿದ್ದು ಮಾವ ಹೋದಾಗ ಮಾತ್ರ. ಸಿಟ್ಟು ಇಳಿಯದೆಯೇ ಟವೆಲನ್ನು ಟಬ್ಬಿಗೆ ಹಾಕಿದಳು. ಇಸ್ತ್ರಿಯಣ್ಣ ಹೋಗಿ ಷಟರು ಎಳೆದ. ಹಗಲು ಹೊತ್ತಿನಲ್ಲಿ ಆ ಷಟರು ಇಳಿದದ್ದು ಕಂಡು ಎದುರು ಅಂಗಡಿಯ ಚಪ್ಪಲಿಯವನು ಯಾರು ಹೋದರು ಎಂದು ಕೇಳಿಕೊಂಡು ಬಂದನಂತೆ.

ಆಸ್ಪತ್ರೆಗೆ ಅಜ್ಜಿಯೂ ಹೊರಟಳು. ಬೇಡ ಅಂದರೂ ಕೇಳಲಿಲ್ಲ. ಯಾವಾಗ ಬಂತು, ಎಷ್ಟು ಬಂತು ಎಂದು ಡಾಕ್ಟರು ಕೇಳಿದರೆ ಹೇಳುವವರು ಯಾರು ಎಂದಳು. ಅದು ನಿಜವೇ ಆಯಿತು. ಡಾಕ್ಟರಮ್ಮ ಗುಬ್ಬಿಗಿಂತ ಒಂದೆರಡು ವರ್ಷ ದೊಡ್ಡವಳ ಹಾಗೆ ಕಾಣುತ್ತಿದ್ದಳು, ಪೆನ್ನನ್ನು ಕಿವಿಗೆ ಸಿಕ್ಕಿಸಿಕೊಂಡಿದ್ದಳು. ಸೊಸೆಯನ್ನು ಕೇಳಿದ ಪ್ರಶ್ನೆಗಳಿಗೆ ಅರ್ಧಕ್ಕರ್ಧ ಉತ್ತರ ಅತ್ತೆಯಿಂದ ಬಂತು. ಕಂದು ಬಣ್ಣವೋ ಕೆಂಪೋ, ನೀರುನೀರಾಗಿತ್ತೋ ಮಂದವೋ, ವಾಸನೆ ಇತ್ತೋ ಇಲ್ಲವೋ ಎಲ್ಲ ಹೇಳಿದಳು. ಡಾಕ್ಟರಮ್ಮ ಒಂದು ಸಲ ಬರೆಯುವುದನ್ನು ನಿಲ್ಲಿಸಿ, ಇಷ್ಟೆಲ್ಲ ಗೊತ್ತಿದ್ದೂ ಯಾಕೆ ತಡಮಾಡಿದಿರಿ ಎಂದು ಕೇಳಿದಳು. ಅಜ್ಜಿ ಸೆರಗಿನ ಅಂಚು ಮಡಿಸತೊಡಗಿದಳು.

ಆಮೇಲೆ ಡಾಕ್ಟರಮ್ಮ ಮುಚ್ಚುಮರೆಯಿಲ್ಲದೆ ಹೇಳಿದಳು. ಮುಟ್ಟು ನಿಂತ ಮೇಲೆ ಬರುವ ರಕ್ತ ಹೆಚ್ಚಿನವರಲ್ಲಿ ಸಣ್ಣ ಕಾರಣಕ್ಕೇ ಬರುತ್ತದೆ. ಕೆಲವರಲ್ಲಿ ಗರ್ಭಕೋಶದ ಒಳಪದರದ ಕ್ಯಾನ್ಸರ್ ಇರುತ್ತದೆ. ಯಾವುದೆಂದು ಪರೀಕ್ಷೆ ಮಾಡದೆ ಯಾರೂ ಹೇಳಲಾರರು. ಸ್ಕ್ಯಾನಿಂಗ್ ಮಾಡಬೇಕು, ಒಳಪದರದ ಒಂದು ಚೂರು ತೆಗೆದು ಕಳಿಸಬೇಕು. ಕ್ಯಾನ್ಸರ್ ಎಂಬ ಮಾತು ಕಿವಿಗೆ ಬಿದ್ದಮೇಲೆ ಉಳಿದದ್ದು ಸೊಸೆಗೆ ಸರಿಯಾಗಿ ಕೇಳಿಸಲಿಲ್ಲ. ಹೊರಡುವಾಗ ಡಾಕ್ಟರಮ್ಮ, ಅಜ್ಜಿ, ನಿಮಗೇನಾದರೂ ತೊಂದರೆ ಇದೆಯೇ ಎಂದು ಕೇಳಿದಳು. ನನಗೇನು, ಗುಂಡುಕಲ್ಲಿನ ಹಾಗೆ ಇದ್ದೇನೆ ಎಂದಳು ಅಜ್ಜಿ, ಕುರ್ಚಿಯ ಬೆನ್ನು ಹಿಡಿದು ಏಳುತ್ತ.

ಸ್ಕ್ಯಾನಿಂಗ್ ಆಯಿತು, ಚೂರೂ ಪರೀಕ್ಷೆಗೆ ಹೋಯಿತು. ಉತ್ತರ ಬರುವ ತನಕ ಕಾಯಬೇಕಿತ್ತು. ಸುಮ್ಮನೆ ಕಾಯುವುದು ಸೊಸೆಯ ಜಾಯಮಾನವಲ್ಲ. ಗುಬ್ಬಿಯನ್ನು ನಿಲ್ಲಿಸಿಕೊಂಡು ಹಬೆಯ ಕೊಳವೆಯ ತಿರುಪು ಹೇಗೆ ಬಿಗಿಯಬೇಕು, ಹೋಟೆಲಿನ ಹೌಸ್‌ಕೀಪರು ಹರಿದ ಶೀಟು ನಮ್ಮ ತಲೆಗೆ ಕಟ್ಟಲು ನೋಡಿದರೆ ಏನು ಹೇಳಬೇಕು ಎಂದು ಕಲಿಸತೊಡಗಿದಳು. ಗಂಡನನ್ನು ಕರೆದು ಬೇಳೆಗೆ ನೀರು ಎಷ್ಟು ಎಂದು ತೋರಿಸಿದಳು. ಅವನು ಸೌಟು ಹಿಡಿದು ನಿಂತವನು, ಎರಡನೆಯ ದಿನ ಸೌಟು ಇಟ್ಟುಬಿಟ್ಟ.

"ಬೇಳೆ ಬೇಯಿಸೋದು ನಂಗೆ ಬೇಡ," ಎಂದ. "ಸಪ್ಪೆ ಇದ್ರೂ ನೀನು ಮಾಡಿದ್ದೇ ಇರಲಿ."

ಅದು ಅವನಿಗೆ ಬರುವ ರೀತಿಯಲ್ಲಿ ಅವನು ಹೇಳಿದ್ದು. ಸೊಸೆ ಒಲೆಯ ಕಡೆ ತಿರುಗಿ ಕಣ್ಣು ಒರೆಸಿಕೊಂಡಳು. ಗುಬ್ಬಿ ಮಾತ್ರ ಸಿಡಿದಳು. ತಿರುಪು ಬಿಗಿಯಲು ನನಗೆ ಎಂಟನೇ ಕ್ಲಾಸಿನಿಂದ ಬರುತ್ತೆ, ನೀನು ಎಲ್ಲಿಗೋ ಹೊರಟವಳ ಹಾಗೆ ಆಡಬೇಡ ಅಮ್ಮ ಎಂದು ಸ್ಕೂಟರಿನ ಕೀಲಿ ಎಸೆದು, ಅದನ್ನು ಮತ್ತೆ ಹೆಕ್ಕಿಕೊಂಡು, ಬಟ್ಟೆ ಕೊಡಲು ಹೋದಳು. ಅದೇ ದಿನ ಇಸ್ತ್ರಿಯಣ್ಣ ಒಬ್ಬ ಮದುಮಗನ ಅಂಗಿಯ ಕಾಲರು ಸುಟ್ಟ. ಅವನ ಕೈಯಲ್ಲಿ ಬಟ್ಟೆ ಸುಟ್ಟದ್ದು ಅದೇ ಮೊದಲು. ಗಿರಾಕಿ ಕೂಗಾಡುತ್ತಿದ್ದರೆ ಇವನು ಕಂದುಗಟ್ಟಿದ ಕಾಲರನ್ನೇ ನೋಡುತ್ತ ನಿಂತಿದ್ದ.

ಉತ್ತರ ಒಳ್ಳೆಯದೇ ಬಂತು. ಕ್ಯಾನ್ಸರ್ ಇರಲಿಲ್ಲ. ಡಾಕ್ಟರಮ್ಮ ಎರಡು ಸಲ ಓದಿ ಹೇಳಿದ ಮೇಲೂ ಸೊಸೆ ಇನ್ನೊಂದು ಸಲ ಹೇಳಿ ಅಂದಳು. ಮೂರನೆಯ ಸಲ ಕೇಳಿದ ಮೇಲೆ ಉಸಿರು ಬಿಟ್ಟಳು.

ಹಾಗಾದರೆ ಇದೆಲ್ಲ ಏನು? ಮುಟ್ಟು ನಿಂತ ಮೇಲೆ ಹೆಣ್ಣಿನ ಮೈಯಲ್ಲಿ ಒಂದು ಹಾರ್ಮೋನು ತೀರ ಕಡಿಮೆಯಾಗುತ್ತದೆ, ಯೋನಿಯ ಒಳಗಿನ ಚರ್ಮ ಅದರಿಂದ ತೆಳುವಾಗಿ ಒಣಗುತ್ತದೆ, ಮೂತ್ರದ ದಾರಿಯೂ ಹಾಗೆಯೇ ಎಂದು ಡಾಕ್ಟರಮ್ಮ ವಿವರಿಸಿದಳು. ಅದಕ್ಕೇ ಉರಿ, ಅದಕ್ಕೇ ಮತ್ತೆ ಮತ್ತೆ ಓಡುವುದು. ತಿಕ್ಕಿದರೆ ಬಿರಿದು ರಕ್ತ ಬರುತ್ತದೆ.

"ಹಳೇ ಶೀಟು ನಡುವೆ ಸವೆದು ತೆಳುವಾಗುತ್ತಲ್ಲ, ಹಾಗಾ?" ಎಂದು ಸೊಸೆ ಕೇಳಿದಳು.

ಸುಮಾರಾಗಿ ಹಾಗೇ ಎಂದಳು ಡಾಕ್ಟರಮ್ಮ, ಆದರೆ ಶೀಟಿಗೆ ಔಷಧವಿಲ್ಲ, ಇದಕ್ಕಿದೆ. ಒಳಗೆ ಹಚ್ಚಿಕೊಳ್ಳುವ ಕ್ರೀಮು ಬರೆದುಕೊಟ್ಟಳು. ಕೆಲವು ವಾರ ಬಿಡದೆ ಹಚ್ಚಬೇಕು, ನೀರು ಧಾರಾಳವಾಗಿ ಕುಡಿಯಬೇಕು, ಮೂತ್ರ ಹಿಡಿದಿಡಬಾರದು. ಕೆಳಗಿನ ಸ್ನಾಯುಗಳನ್ನು ಬಿಗಿಹಿಡಿದು ಸಡಿಲಿಸುವ ವ್ಯಾಯಾಮ ಹೇಳಿಕೊಟ್ಟಳು. ಮತ್ತೆ ರಕ್ತ ಕಂಡರೆ ಒಗೆಯುವ ಮೊದಲು ಇಲ್ಲಿಗೆ ಬನ್ನಿ ಎಂದಳು. ಆಮೇಲೆ ಗಂಡ ಬಂದಿದ್ದಾರಾ ಎಂದು ಕೇಳಿದಳು.

ಇಸ್ತ್ರಿಯಣ್ಣ ಹೊರಗೆ ಬೆಂಚಿನ ಮೇಲೆ ಎರಡು ಹೆಲ್ಮೆಟ್ಟು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಹಾಗೆಯೇ ಎರಡನ್ನೂ ಹಿಡಿದು ಒಳಗೆ ಬಂದ. ಡಾಕ್ಟರಮ್ಮ ಮಾತಾಡಿದಷ್ಟು ಹೊತ್ತೂ ಗೋಡೆಯ ಕ್ಯಾಲೆಂಡರು ನೋಡುತ್ತಿದ್ದ. ಆದರೆ ಕಿವಿ ಇಲ್ಲೇ ಇತ್ತು. ಇಷ್ಟವಿಲ್ಲ ಎಂದಲ್ಲ, ನೋವು ಎಂದು ದೂರ ಹೋಗಿದ್ದಾರೆ, ಅವರಾಗಿ ಸರಿ ಅನ್ನುವ ತನಕ ಕಾಯಿರಿ ಎಂದಾಗ ಅವನ ಕೈಯಿಂದ ಒಂದು ಹೆಲ್ಮೆಟ್ಟು ಜಾರಿ ನೆಲಕ್ಕೆ ಬಿತ್ತು.

ಹೋಟೆಲಿನ ದೊಡ್ಡ ಶೀಟು ಮಡಿಸಲು ಇಬ್ಬರು ಬೇಕು. ಎರಡು ಮೂಲೆ ಒಬ್ಬರು, ಎರಡು ಮೂಲೆ ಇನ್ನೊಬ್ಬರು ಹಿಡಿದು, ಎಳೆದು, ಒಂದು ಸಲ ಕೊಡವಿ, ಎದುರು ಬದುರಾಗಿ ನಡೆದು ಬಂದು ಮೂಲೆಗೆ ಮೂಲೆ ಕೂಡಿಸಬೇಕು. ಕೆಲವು ತಿಂಗಳಿಂದ ಆ ಕೆಲಸಕ್ಕೆ ಗುಬ್ಬಿಯೇ ನಿಲ್ಲುತ್ತಿದ್ದಳು. ಅವತ್ತು ಮಧ್ಯಾಹ್ನ ಇಸ್ತ್ರಿಯಣ್ಣ ಮೇಜು ಬಿಟ್ಟು ಬಂದು ಮೂಲೆ ಹಿಡಿದ. ಒಂದು ಶೀಟು ಮಾತಿಲ್ಲದೆ ಮುಗಿಯಿತು. ಎರಡನೆಯದನ್ನು ಕೂಡಿಸಲು ಹತ್ತಿರ ಬಂದಾಗ ಅವನು ಮೂಲೆ ಬಿಡಲಿಲ್ಲ.

"ನಾನು ನಿಂಗೆ ಬೇಡವಾದೆ ಅಂದ್ಕೊಂಡಿದ್ದೆ," ಎಂದ.

"ಕೇಳಬಾರದಾಗಿತ್ತಾ?"

"ಹೇಗೆ ಕೇಳೋದು ಅಂತ ಗೊತ್ತಾಗ್ಲಿಲ್ಲ."

"ನಂಗೂ ಹೇಗೆ ಹೇಳೋದು ಗೊತ್ತಾಗ್ಲಿಲ್ಲ," ಎಂದಳು ಅವಳು. "ಮೂಲೆ ಬಿಡಿ, ಇನ್ನೂ ಅಷ್ಟು ರಾಶಿ ಇದೆ."

ಅವನು ಬಿಟ್ಟ. ಮಿಕ್ಕದ್ದನ್ನೆಲ್ಲ ಇಬ್ಬರೇ ಮಡಿಸಿದರು. ಹಾಸಿಗೆ ಅವತ್ತೇ ವಾಪಸು ಹೋಯಿತೇ ಎಂದು ಕೇಳಬೇಡಿ, ಹೋಗಲಿಲ್ಲ. ಉರಿ ಕಡಿಮೆಯಾಗಲು ವಾರಗಳೇ ಬೇಕಾದವು. ಅಷ್ಟರಲ್ಲಿ ಅವನು ದಿನವೂ ಬೆಳಿಗ್ಗೆ ದೊಡ್ಡ ಬಾಟಲಿಯಲ್ಲಿ ನೀರು ತುಂಬಿ ಯಂತ್ರದ ಪಕ್ಕ ಇಡುತ್ತಿದ್ದ, ಅವಳು ಮೆಟ್ಟಿಲು ಹತ್ತಿದಾಗಲೆಲ್ಲ ತಾನೇ ಬಂದು ಯಂತ್ರ ನೋಡಿಕೊಳ್ಳುತ್ತಿದ್ದ. ಕ್ರೀಮಿನ ಟ್ಯೂಬು ಮೊದಲು ಕಪಾಟಿನೊಳಗೆ ಇತ್ತು. ಆಮೇಲೆ ಬಚ್ಚಲಿನ ಹಲಗೆಯ ಮೇಲೆ ಟೂತ್‌ಪೇಸ್ಟಿನ ಪಕ್ಕಕ್ಕೆ ಬಂತು. ಅಪ್ಪ, ಕನ್ನಡಕ ಹಾಕಿಕೊಂಡು ಹಲ್ಲುಜ್ಜು ಎಂದು ಗುಬ್ಬಿ ಕೂಗಿ ಹೇಳಿದಾಗ ಸೊಸೆ ಅಡುಗೆಮನೆಯಲ್ಲಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಹಾಸಿಗೆ ಯಾವತ್ತೋ ಸದ್ದಿಲ್ಲದೆ ತನ್ನ ಜಾಗಕ್ಕೆ ಹೋಗಿತ್ತು.

ಈ ನಗು ತಮಾಷೆಯ ನಡುವೆ ಅಜ್ಜಿ ಒಬ್ಬಳೇ ಸುಮ್ಮನಿರುತ್ತಿದ್ದಳು. ಸೊಸೆಗೂ ಅವಳಿಗೂ ಮಾತಿತ್ತು, ಬಿಳಿ ಬುಟ್ಟಿ ತುಂಬಿತು, ಸೋಪು ಮುಗಿಯಿತು ಎನ್ನುವಷ್ಟು. ತನ್ನ ಬಟ್ಟೆಯನ್ನು ಅಜ್ಜಿ ಯಾರಿಗೂ ಮುಟ್ಟಲು ಕೊಡುತ್ತಿರಲಿಲ್ಲ. ಅದು ಇವತ್ತು ನಿನ್ನೆಯ ಮಾತಲ್ಲ. ಎಲ್ಲರಿಗಿಂತ ಮುಂಚೆ ಎದ್ದು, ತನ್ನದೊಂದು ಚಿಕ್ಕ ಗಂಟನ್ನು ತಾನೇ ಒಗೆದು, ತಾರಸಿಯ ನೀರಿನ ತೊಟ್ಟಿಯ ಹಿಂದೆ ಒಣಹಾಕಿ ಬರುವುದು ಸೊಸೆ ಮದುವೆಯಾಗಿ ಬಂದಾಗಿನಿಂದ ನಡೆದುಬಂದದ್ದು. ಅಜ್ಜಿಗೆ ಅತಿ ಚೊಕ್ಕಟ ಎಂದು ಮನೆಯವರು ಆಡಿಕೊಳ್ಳುತ್ತಿದ್ದರು. ಬುಟ್ಟಿ ಎತ್ತದಿರುವುದು, ಸೀನು ಬಂದರೆ ಕಿಬ್ಬೊಟ್ಟೆಯ ಕೆಳಗೆ ಕೈ ಒತ್ತಿಕೊಳ್ಳುವುದು, ದಿಂಬಿಲ್ಲದೆ ಕೂರದಿರುವುದು, ಎಲ್ಲವನ್ನೂ ವಯಸ್ಸಿನ ಲೆಕ್ಕಕ್ಕೆ ಹಾಕಿಬಿಟ್ಟಿದ್ದರು.

ಒಂದು ಬೆಳಿಗ್ಗೆ ತಾರಸಿಯ ತೊಟ್ಟಿಯ ಹಿಂದೆ ಏನೂ ಒಣಹಾಕಿರಲಿಲ್ಲ. ಅಂಗಡಿ ತೆರೆದಾಗಿತ್ತು, ಗುಬ್ಬಿ ಸ್ಕೂಟರಿಗೆ ಗಂಟು ಕಟ್ಟುತ್ತಿದ್ದಳು, ಇಸ್ತ್ರಿಯಣ್ಣ ಮೇಜಿನ ಹಿಂದೆ ನಿಂತಿದ್ದ. ಅಜ್ಜಿ ಒಂದೊಂದೇ ಮೆಟ್ಟಿಲು ಇಳಿದು ಕೆಳಗೆ ಬಂದಳು. ಸ್ಟೂಲಿನ ಹತ್ತಿರ ಹೋಗಲಿಲ್ಲ. ನೇರವಾಗಿ ಸೊಸೆಯ ಎದುರು ಬಂದು ನಿಂತು, ಕಂಕುಳಲ್ಲಿದ್ದ ಚಿಕ್ಕ ಗಂಟನ್ನು ತೆಗೆದು ಅವಳ ಕೈಗೆ ಕೊಟ್ಟಳು.

"ಇವತ್ತು ಒಗೆದಿಲ್ಲ," ಎಂದಳು. "ನೋಡು ಅಂತ."

ಸೊಸೆ ಗಂಟು ಬಿಚ್ಚಿದಳು. ಹಳೆಯ ಬಟ್ಟೆಯನ್ನು ದಪ್ಪವಾಗಿ ಮಡಿಸಿ ಮಾಡಿದ ಪಟ್ಟಿ. ಅದರ ನಡುವೆ ಹಳದಿ ನೀರು ಒಣಗಿದ ಕಲೆ, ಅಂಚಿನಲ್ಲಿ ಉಜ್ಜಿ ಬಂದ ರಕ್ತ. ಅವಳು ಅದನ್ನು ನೋಡಿದಳು, ಅತ್ತೆಯ ಮುಖ ನೋಡಿದಳು. ನಮ್ಮತ್ತೆಗೆ ಉರಿಮೂತ್ರ ಎಂದು ಔಷಧದ ಅಂಗಡಿಯಲ್ಲಿ ಸುಳ್ಳು ಹೇಳಿದ್ದು ನೆನಪಾಯಿತು. ಕೈ ಎಷ್ಟೋ ವರ್ಷದ ಅಭ್ಯಾಸದಿಂದ ತಣ್ಣೀರಿನ ಟಬ್ಬಿನ ಕಡೆ ಹೋಗಿತ್ತು. ಅದನ್ನು ಹಿಂದಕ್ಕೆ ತೆಗೆದುಕೊಂಡಳು. ಪಟ್ಟಿಯನ್ನು ಹಾಗೆಯೇ ಸುತ್ತಿ ಒಂದು ಚೀಲಕ್ಕೆ ಹಾಕಿದಳು. ಆಮೇಲೆ ಆ ಅಂಗಡಿಯಲ್ಲಿ ಅದುವರೆಗೆ ಯಾರೂ ಯಾರನ್ನೂ ಕೇಳದ ಮಾತನ್ನು ಕೇಳಿದಳು.

"ಈ ಕಲೆ ಹೇಗಾಯ್ತು ಅತ್ತೆ?"

"ಗರ್ಭಕೋಶ ಕೆಳಗೆ ಜಾರಿದೆ ಕಣೇ. ಒಳಗಿರಬೇಕಾದ್ದು ಹೊರಗೆ ಬರುತ್ತೆ. ನಾನೇ ಒಳಗೆ ತಳ್ಳಿಕೊಳ್ತೀನಿ, ಪಟ್ಟಿ ಬಿಗಿದುಕೊಳ್ತೀನಿ. ಮೊದಮೊದಲು ಅಷ್ಟಿರಲಿಲ್ಲ, ಮುಟ್ಟು ನಿಂತಮೇಲೆ ತೀರ ಜಾಸ್ತಿ ಆಯ್ತು."

"ಯಾವಾಗಿಂದ?"

ಅಜ್ಜಿ ಇಸ್ತ್ರಿ ಮೇಜಿನ ಕಡೆ ಒಂದು ಸಲ ನೋಡಿದಳು.

"ನಿನ್ನ ಗಂಡ ಹುಟ್ಟಿದಾಗಿಂದ," ಎಂದಳು.

ಇಸ್ತ್ರಿ ಪೆಟ್ಟಿಗೆಯ ಸ್ವಿಚ್ಚು ಆರಿಸಿದ ಸದ್ದು ಕೇಳಿಸಿತು. ಅವನು ಮೇಜಿನ ಹಿಂದಿನಿಂದ ಬಂದು, ತಾಯಿಯ ಮುಖ ನೋಡಲಾರದೆ, ಅವತ್ತಿನ ಹಾಗೆಯೇ ಷಟರು ಎಳೆಯಲು ಕೈ ಹಾಕಿದ.